ಎಮ್ಮೆಯ ಮೈನೋವು, ಟಗರಿನ ಮದ್ದು

ಕರಿಬಸವಿ ಎಂಬ ಎಮ್ಮೆಗೆ ಕಿವಿಯಿಂದ ಬಾಲದವರೆಗೆ ನೋವು. ಕೊಂಬೂ ನೋಯುತ್ತಿತ್ತೆಂದರೆ ನೀವು ನಂಬಲೇಬೇಕು. ನಾಲ್ಕು ದಿನದಿಂದ ಕೆರೆಗಿಳಿದಿರಲಿಲ್ಲ, ಇವತ್ತಾದರೂ ಇಳಿಯಬೇಕೆಂಬ ಆಸೆ. ದಾರಿಯಲ್ಲಿ, ದನಗಳು ಮೈ ಉಜ್ಜಿಕೊಳ್ಳಲೆಂದು ನೆಟ್ಟ ಕಲ್ಲಿಗೆ ಒರಗಿ ಮೆಲ್ಲಗೆ ಭುಜ ಹೊರಳಿಸತೊಡಗಿದಳು.

“ಮೈಮೇಲೆ ಗಾಯವೇ ಇಲ್ಲ, ಎಂಥ ನೋವೇ ನಿನ್ನದು?” ಎಂದಿತು ಅಲ್ಲೇ ಪಕ್ಕದಲ್ಲಿ ಮೇಯುತ್ತಿದ್ದ ಟಗರು.

“ಒಳಗಿದೆ ಮಾವ.”

ಕಲ್ಲು ಹೇಳಿತು: “ಹಿತವಾಗುವಷ್ಟೇ ಒರಗು ತಾಯಿ. ಉಸಿರು ಬಿಗಿಯಾದರೆ ಬಿಟ್ಟುಬಿಡು.”

“ಹಾಗೆ ಸವರಿದರೆ ನೋವು ಹೋದೀತೇ? ನೋಡು, ಹೀಗೆ!” ಎಂದು ಟಗರು ಹಿಂದೆ ಸರಿದು, ಓಡಿಬಂದು ಕಲ್ಲಿಗೆ ಗುದ್ದಿತು. ಹಣೆಯಲ್ಲಿ ತೆಂಗಿನಕಾಯಿ ಗಾತ್ರದ ಬುಗುಟು ಎದ್ದಿತು.

ಕರಿಬಸವಿ ಇನ್ನೊಂದು ಭುಜವನ್ನೂ ನಿಧಾನವಾಗಿ ಹೊರಳಿಸಿ ಹೊರಟಳು. “ನೋವು ಪೂರ್ತಿ ಹೋಗಿಲ್ಲ ಮಾವ, ಆದರೂ ಕೆರೆಯವರೆಗೆ ನಡೆದೇನು. ನೀನು ಇಲ್ಲೇ ಕೂತಿರು; ಬಂದವರಿಗೆ ತೋರಿಸಲು ನಿನಗೀಗ ಗಾಯವಾದರೂ ಇದೆ.”