ಬೆಟ್ಟದಿಂದ ಇಳಿದು ಬಂದ ಕೆಂಪು ದಾರಿ

ಮಕ್ಕಳೇ, ಬೆಟ್ಟಸಾಲು ಮುಗಿದು ಬಯಲು ಇನ್ನೂ ಶುರುವಾಗದ ಒಂದು ಜಾಗವಿತ್ತು. ಅದರ ಹೆಸರು ನಡುಸೀಮೆ. ಅಲ್ಲಿ ಬೆಟ್ಟದ ನೇರಳೆಯೂ ಸಿಗುತ್ತಿತ್ತು, ಬಯಲಿನ ಸಜ್ಜೆಯೂ ಸಿಗುತ್ತಿತ್ತು. ಹೀಗಿದ್ದ ಮೇಲೆ ಯಾರು ತಾನೇ ಸುಮ್ಮನಿರುತ್ತಾರೆ? ಚಳಿ ತಡೆಯಲಾರದೆ ಮುಸಿಯ ಕೋತಿಗಳು ಮೇಲಿಂದ ಇಳಿದು ಬಂದವು. ಬಿಸಿಲು ತಡೆಯಲಾರದೆ ಮೊಲಗಳು ಕೆಳಗಿಂದ ಹತ್ತಿ ಬಂದವು. ಹತ್ತು ಬಿಲಗಳಿದ್ದ ಕಡೆ ನೂರಾದವು. ಒಳ್ಳೆಯದಾಯಿತೋ ಕೆಟ್ಟದಾಯಿತೋ ನನ್ನನ್ನು ಕೇಳಬೇಡಿ. ಸೀಮೆ ಬೆಳೆಯಿತು, ಅಷ್ಟೇ.

ಬೆಳೆಯುವ ಸೀಮೆಯನ್ನು ಬಣ್ಣಿಸಲು ಒಬ್ಬರು ಬೇಕಲ್ಲ! ಆ ಕೆಲಸವನ್ನು, ಒಂದು ಚಳಿಗಾಲದಲ್ಲಿ ಅಲ್ಲಿಗೆ ಬಂದ ಗಗನಯ್ಯನೆಂಬ ಹದ್ದು ಯಾರೂ ಕೇಳದೆಯೇ ವಹಿಸಿಕೊಂಡಿದ್ದ. ಹೊಸಬರು ಬಂದ ಕೂಡಲೇ ಮೇಲಕ್ಕೆ ಹಾರಿ ಒಂದು ಸುತ್ತು ಹೊಡೆದು ಬರುತ್ತಿದ್ದ.

"ಪಡುವಣಕ್ಕೆ ಬೆಟ್ಟ, ಮೂಡಣಕ್ಕೆ ಬಯಲು, ನಡುವೆ ನಾವು! ಕಾಡು ಎಲ್ಲಿ, ಕೆರೆ ಎಲ್ಲಿ, ಖಾಲಿ ಜಾಗ ಎಲ್ಲಿ, ಕೇಳಿ. ನನಗೆ ಎಲ್ಲ ಅಂಗೈ ನೆಲ್ಲಿಕಾಯಿ!"

ಕೇಳುವುದಕ್ಕೇನೋ ಸೊಗಸಾಗಿತ್ತು. ಆದರೆ ಗಗನಯ್ಯ ಆ ನೆಲದ ಮೇಲೆ ನಾಲ್ಕು ಹೆಜ್ಜೆ ನಡೆದದ್ದನ್ನು ಯಾರೂ ಕಂಡಿರಲಿಲ್ಲ.

ಮುಂದಿನ ಬೇಸಗೆಯ ಕೊನೆಯಲ್ಲಿ ಸೂಜಮ್ಮನೆಂಬ ಮುಳ್ಳುಹಂದಿ ಬಯಲಿನಿಂದ ಬಂದಳು. ಅವಳ ಹಿಂದೆ ಎರಡು ಮರಿಗಳು. ಅವುಗಳ ಮುಳ್ಳು ಇನ್ನೂ ಗಟ್ಟಿಯಾಗಿರಲಿಲ್ಲ. ಮರಿಗಳಿಗೊಂದು ಭದ್ರವಾದ ಬಿಲ ಸಿಕ್ಕಿದರೆ ಸಾಕಿತ್ತು, ಅವಳಿಗೆ ಬೇರೇನೂ ಬೇಕಿರಲಿಲ್ಲ.

"ಗಗನಯ್ಯನವರೇ, ಎಲ್ಲಾದರೂ ಜಾಗ ಇದೆಯಾ?"

"ಇದೆಯಾ ಅಂತ ಕೇಳ್ತೀಯಲ್ಲಮ್ಮ! ಅಗೋ, ಬಿಳಿ ಬಯಲು. ಅಗಲವಾಗಿದೆ, ಸಪಾಟಾಗಿದೆ, ಒಂದು ಪೊದೆ ಕೂಡ ಅಡ್ಡ ಇಲ್ಲ. ಅಂಥ ಜಾಗ ಈ ಸೀಮೆಯಲ್ಲಿ ಇನ್ನೊಂದಿಲ್ಲ."

"ಹಾಗಾದರೆ ಅಲ್ಲಿ ಯಾರೂ ಯಾಕೆ ಮನೆ ಮಾಡಿಲ್ಲ?"

"ಪೆದ್ದರು, ಅದಕ್ಕೆ! ನೋಡು, ನಾನೇ ಅಲ್ಲಿ ಗೂಡು ಕಟ್ಟಿದ್ದೀನಿ."

ಅದು ನಿಜವಾಗಿತ್ತು. ಬಿಳಿ ಮರಳಿನ ನಟ್ಟನಡುವೆ ಒಂದೇ ಒಂದು ಹೊಂಗೆ ಮರ. ಅದರ ಮೇಲಿನ ಗೂಡಿನಲ್ಲಿ ಗಗನಯ್ಯನ ಹೆಂಡತಿ ಎರಡು ಮೊಟ್ಟೆಗಳಿಗೆ ಕಾವು ಕೊಡುತ್ತಿದ್ದಳು. ಸೂಜಮ್ಮನಿಗೆ ಧೈರ್ಯ ಬಂತು. ಮರದ ಪಕ್ಕದ ಮೆದು ದಿಣ್ಣೆಯಲ್ಲಿ ಬಿಲ ತೋಡತೊಡಗಿದಳು.

ಅಷ್ಟರಲ್ಲಿ ಕಲ್ಲವ್ವನೆಂಬ ಮುದಿ ಏಡಿ ಎದುರಾದಳು. ಅವಳು ಅಲ್ಲಿನ ಮನೆ ಖಾಲಿ ಮಾಡಿ ಎತ್ತರದ ದಂಡೆಗೆ ಹೊರಟಿದ್ದಳು. ಪ್ರತಿ ವರ್ಷ ಈ ಹೊತ್ತಿಗೆ ಅವಳದು ಇದೇ ಕೆಲಸ.

"ಇಲ್ಲಿ ಬೇಡ ಕಣೆ ತಂಗಿ. ಇದು ಬಯಲಲ್ಲ, ಹಳ್ಳ."

"ಹಳ್ಳವೇ? ನೀರೆಲ್ಲಿ ಅಜ್ಜಿ?"

"ಬರುತ್ತೆ."

ಸೂಜಮ್ಮ ತಲೆಯೆತ್ತಿ ನೋಡಿದಳು. "ಒಂದು ಚೂರು ಮೋಡ ಇಲ್ವಲ್ಲ!"

"ನಿಮ್ಮ ಬಯಲಲ್ಲಿ ಮಳೆ ಬಿದ್ದ ಕಡೆ ನೀರು. ಇಲ್ಲಿ ಹಾಗಲ್ಲ. ಮಳೆ ಬೆಟ್ಟದಲ್ಲಿ ಬೀಳುತ್ತೆ, ನೀರು ಇಲ್ಲಿಗೆ ಬರುತ್ತೆ. ದಂಡೆ ಮೇಲೆ ಹುತ್ತದ ಪಕ್ಕ ಜಾಗ ಇದೆ, ಬಾ. ನೆಲ ಗಟ್ಟಿ, ತೋಡೋದು ಕಷ್ಟ, ಅಷ್ಟೇ."

ಮರದ ಮೇಲಿಂದ ಗಗನಯ್ಯ ನಕ್ಕ. "ನಿನ್ನ ಬಿಲ ಬಿಟ್ಟು ಹತ್ತು ಮಾರು ಆಚೆ ಹೋಗಿದ್ದೀಯಾ ಮುದುಕಿ? ನಾನು ಹತ್ತು ಹರದಾರಿ ಒಂದೇ ನೋಟಕ್ಕೆ ನೋಡಿದವನು!"

ಕಲ್ಲವ್ವ ಮಾತು ಬೆಳೆಸದೆ ದಂಡೆ ಹತ್ತಿದಳು. ಹದ್ದಿನ ಜೊತೆ ಜಗಳ ಏಡಿಯ ಆರೋಗ್ಯಕ್ಕೆ ಒಳ್ಳೆಯದಲ್ಲ.

ಸೂಜಮ್ಮ ಯೋಚಿಸಿದಳು. ಒಬ್ಬರು ಸೀಮೆಯನ್ನೆಲ್ಲ ಕಂಡವರು, ಇನ್ನೊಬ್ಬರು ಅಡ್ಡಡ್ಡ ನಡೆಯುವ ಮುದುಕಿ. ಅವಳು ಅಲ್ಲೇ ಉಳಿದಳು. ನೀವಾಗಿದ್ದರೂ ಹಾಗೇ ಮಾಡುತ್ತಿದ್ದಿರಿ, ಬಿಡಿ.

ಮೂರನೆಯ ದಿನ ಮಧ್ಯಾಹ್ನ ಬಿಸಿಲು ರಣರಣ ಹೊಡೆಯುತ್ತಿತ್ತು. ಒಂದು ಹಿಂಡು ಕೌಜುಗ ಹಕ್ಕಿಗಳು ಹೊಸದಾಗಿ ಬಂದು ದಂಡೆಯ ಮೇಲೆ ನಿಂತಿದ್ದವು. ಅವುಗಳಿಗೆ ಸೀಮೆಯನ್ನು ಬಣ್ಣಿಸಲು ಗಗನಯ್ಯ ಮೇಲಕ್ಕೆ ಹಾರಿದ. ಹಾರಿದವನೇ ಕುಣಿದಾಡಿಬಿಟ್ಟ.

"ಅಬ್ಬಬ್ಬಾ! ನಮ್ಮ ಸೀಮೆ ಹೇಗೆ ಬೆಳೀತಿದೆ ನೋಡಿ! ಬೆಟ್ಟದಿಂದ ಹೊಸ ದಾರಿಯೊಂದು ಇಳಿದು ಬರ್ತಿದೆ. ಕೆಂಪು ದಾರಿ! ಎಷ್ಟು ಅಗಲ, ಎಷ್ಟು ನುಣುಪು! ಇನ್ನು ಬೆಟ್ಟದವರೆಲ್ಲ ಸಲೀಸಾಗಿ ಬರಬಹುದು!"

ಕೌಜುಗಗಳು ರೆಕ್ಕೆ ಬಡಿದು ಸಂತೋಷಪಟ್ಟವು. ಹುತ್ತದ ಪಕ್ಕ ಕೂತಿದ್ದ ಕಲ್ಲವ್ವ ಮಾತ್ರ ದಂಡೆಯ ಅಂಚಿಗೆ ಓಡಿದಳು. ದಾರಿ ಎಲ್ಲಾದರೂ ತಾನೇ ನಡೆದು ಬರುತ್ತದೆಯೇ?

"ಸೂಜಮ್ಮಾ!" ಎಂದು ಕೂಗಿದಳು. "ಅದು ದಾರಿಯಲ್ಲ ಕಣೇ, ನೀರು! ಮರಿ ಎತ್ಕೊಂಡು ಓಡು!"

ಸೂಜಮ್ಮ ಬಿಲದ ತಳವನ್ನು ಮುಟ್ಟಿದಳು. ಬೆಳಗ್ಗೆ ಒಣಗಿದ್ದ ಮರಳು ಈಗ ಜಿನುಗುತ್ತಿತ್ತು. ಮತ್ತೆ ಅವಳು ಯಾರನ್ನೂ ಕೇಳಲಿಲ್ಲ. ಒಂದು ಮರಿಯನ್ನು ಬಾಯಲ್ಲಿ ಕಚ್ಚಿ ದಂಡೆಗೆ ಓಡಿದಳು. ಎರಡನೆಯದಕ್ಕೆ ತಿರುಗಿ ಬರುವಾಗ ಕಾಲ ಕೆಳಗೆ ನೆಲ ಗುಡುಗುಡು ಎನ್ನುತ್ತಿತ್ತು. ಅದನ್ನೂ ಕಚ್ಚಿಕೊಂಡು ದಂಡೆ ಹತ್ತುವಷ್ಟರಲ್ಲಿ ಹಿಂಗಾಲುಗಳು ಒದ್ದೆಯಾಗಿದ್ದವು.

ಗಗನಯ್ಯ ಇನ್ನೂ ಮೇಲೆಯೇ ಇದ್ದ. "ಬಂತು, ಬಂತು! ದಾರಿ ನಮ್ಮ ಮನೆ ಬಾಗಿಲಿಗೇ ಬಂತು!"

ಹೊಂಗೆ ಮರ ಒಮ್ಮೆ ನಡುಗಿ ವಾಲಿದಾಗ ಅವನಿಗೆ ಅರ್ಥವಾಯಿತು. ಬಾಣದ ಹಾಗೆ ಕೆಳಗೆ ಎರಗಿದ. ಹೆಂಡತಿ ಹೇಗೋ ಹಾರಿ ಪಾರಾದಳು. ಮರ, ಗೂಡು, ಎರಡು ಮೊಟ್ಟೆ, ಎಲ್ಲವನ್ನೂ ಕೆಂಪು ನೀರು ಹೊತ್ತುಕೊಂಡು ಹೋಯಿತು.

ದಂಡೆಯ ಜಾಲಿ ಮರದ ಮೇಲೆ ಕೂತು ಹೆಂಡತಿ ಅತ್ತಳು. "ಎಲ್ಲರಿಗಿಂತ ಮೊದಲು ನೋಡಿದವರು ನೀವು. ನೀರು ಅಂತ ಒಂದು ಮಾತು ಕೂಗೋಕೆ ಆಗಲಿಲ್ವಾ ನಿಮಗೆ?"

"ಗೊತ್ತಾಗಲಿಲ್ಲ ಕಣೆ," ಎಂದ ಗಗನಯ್ಯ. "ಮೇಲಿಂದ ಅದು ದಾರಿ ಹಾಗೇ ಕಾಣ್ತಿತ್ತು."

ಅವನನ್ನು ಯಾರೂ ಬೈಯಲಿಲ್ಲ. ಕಲ್ಲವ್ವ ಸೂಜಮ್ಮನಿಗೆ ಗಟ್ಟಿ ನೆಲದಲ್ಲಿ ಬಿಲ ತೋಡುವ ಜಾಗ ತೋರಿಸಿದಳು.

ಮಳೆಗಾಲ ಕಳೆಯಿತು, ನೀರು ಬತ್ತಿತು. ಬಿಳಿ ಬಯಲು ಮತ್ತೆ ಅಗಲವಾಗಿ, ಸಪಾಟಾಗಿ, ಏನೂ ನಡೆದೇ ಇಲ್ಲವೆಂಬಂತೆ ಮಲಗಿತ್ತು. ಆಗ ಒಂದು ನರಿ ಸಂಸಾರ ಬಂತು.

"ಗಗನಯ್ಯನವರೇ, ಎಲ್ಲಾದರೂ ಜಾಗ ಇದೆಯಾ?"

ಗಗನಯ್ಯ ಒಮ್ಮೆ ಮರಳಿನ ಕಡೆ ನೋಡಿದ. ಆಮೇಲೆ ಜಾಲಿ ಮರದಿಂದ ಕೆಳಗಿಳಿದ. ನಡೆದು ಅಭ್ಯಾಸವಿಲ್ಲದ ಕಾಲು, ತೊಡರಿಕೊಂಡು ತೊಡರಿಕೊಂಡು ಕಲ್ಲವ್ವನ ಬಿಲದವರೆಗೆ ಹೋಗಿ ನಿಂತ.

"ಅಜ್ಜಿ," ಎಂದ, "ಇವರಿಗೆ ನೀನೇ ಹೇಳು."

ಕಲ್ಲವ್ವ ಮೊದಲು ಒಂದು ಗೇಣು ಒಳಕ್ಕೆ ಸರಿದಳು. ಆಮೇಲೆ ಹೇಳಿದಳು.

ನೀತಿ: ಮೇಲಿಂದ ಕಂಡದ್ದು ಅರ್ಧ ಮಾತ್ರ, ಉಳಿದರ್ಧವನ್ನು ಆ ನೆಲದಲ್ಲಿ ಬಾಳಿದವರಿಂದ ಕೇಳಿ ತಿಳಿಯಬೇಕು.