ಟುವ್ವಕ್ಕ ಮುಚ್ಚಿಟ್ಟ ಹಿಂಬದಿ

ಲೋಕ ಇನ್ನೂ ಹೊಸದು, ಆಗಷ್ಟೇ ಮಡಿಕೆ ಬಿಚ್ಚಿದ ಬಟ್ಟೆಯಂತಿದ್ದ ಕಾಲ. ಆಗ ಎಲೆಗಳಿಗೆ ನರಗಳೇ ಇರಲಿಲ್ಲ, ಮಕ್ಕಳೇ. ಮುಂದೆಯೂ ನುಣುಪು, ಹಿಂದೆಯೂ ನುಣುಪು. ಬಿಸಿಲು ಬಿದ್ದರೆ ಸಾಕು, ಪಾಪ, ಒದ್ದೆ ಕರವಸ್ತ್ರದ ಹಾಗೆ ಜೋತುಬೀಳುತ್ತಿದ್ದವು.

"ಇವಕ್ಕ ಯಾರರ ಒಂದಿಷ್ಟು ಹೊಲಿಗಿ ಹಾಕ್ರಿ, ನೆಟ್ಟಗ ನಿಲ್ಲಲಿ" ಎಂದಿತು ಅತ್ತಿಮರ.

"ನಾ ಹಾಕ್ತೀನಿ!" ಎಂದು ಮುಂದೆ ಹಾರಿದವಳು ಟುವ್ವಕ್ಕ. ಹೆಬ್ಬೆರಳಿನಷ್ಟು ಟುವ್ವಿ ಹಕ್ಕಿ. ಸೂಜಿಯಂಥ ಕೊಕ್ಕು, ಗುಡ್ಡದಂಥ ಜಂಬ.

ಅವಳಿಗೆ ಹೊಲಿಗೆ ಕಲಿಸಿದ್ದು ಜೇಡಜ್ಜಿ. ನಡುವಿನ ದಪ್ಪ ನರಕ್ಕೆ ಹಗ್ಗದಂತೆ ಒತ್ತೊತ್ತಾದ ಹೊಲಿಗೆ, ಅಲ್ಲಿಂದ ಅಂಚಿಗೆ ಹೋಗುವ ಗೆರೆಗಳಿಗೆ ಬಿಟ್ಟು ಬಿಟ್ಟು ಓಡುವ ಸಣ್ಣ ಹೊಲಿಗೆ. ಎಲ್ಲ ಹೇಳಿಕೊಟ್ಟು ಕೊನೆಗೆ ಅಂದಳು: "ನೋಡ ಮಗಳ, ಗಂಟ ಹಾಕಬ್ಯಾಡ. ದಾರದ ತುದಿ ಹೊಲಿಗಿ ಕೆಳಗ ತೂರಿಸಿ ಮುಚ್ಚಿಬಿಡು. ಮುಂದ ಹೆಂಗೋ ಹಿಂದನೂ ಹಂಗ ಇರಬೇಕು. ಅದ ಕಸೂತಿ."

"ಹಿಂದ ಯಾರ ನೋಡ್ತಾರ ಬಿಡ, ಅಜ್ಜಿ! ನಿನಗ ಎಂಟ ಕಣ್ಣು, ಇಲ್ಲದ್ದೆಲ್ಲಾ ಕಾಣ್ತಾವ."

ಹೊಲಿದಳು, ಹೊಲಿದಳು, ಕಾಡಿಗೆ ಕಾಡೇ ಹೊಲಿದಳು. ದಾರ ಮುಗಿದಲ್ಲೆಲ್ಲ ಒಂದು ಗಂಟು. ಒಂದು ಗೆರೆಯಿಂದ ಇನ್ನೊಂದಕ್ಕೆ ಹಿಂದಿನಿಂದಲೇ ಉದ್ದುದ್ದ ಎಳೆ. ಮುಂದೆ ಮಾತ್ರ, ಆಹಾ, ಏನು ಚೆಂದ!

ಎಲ್ಲರೂ ನೋಡಲು ಬಂದರು. ಅಳಿಲು ಬಂತು, ಗೀಜಗ ಬಂತು, ಜೇಡಜ್ಜಿಯೂ ಬಂದಳು. "ಶಾಬಾಸ್, ಟುವ್ವಕ್ಕ!" ತಡವಾಗಿ ಬಂದ ಗಾಳಿಮಾವ ಸುಮ್ಮನಿರಬಾರದೇ? ಕಸೂತಿ ಅಂದರೆ ಮಗುಚಿ ನೋಡುವುದು ಅವನ ರೂಢಿ. "ಎಲ್ಲಿ, ಹಿಂದಿನ ಮಗ್ಗಲ ನೋಡೂಣ" ಎಂದವನೇ ಕಾಡಿನ ಎಲೆಗಳನ್ನೆಲ್ಲ ಮಗುಚಿಬಿಟ್ಟ!

ಗಂಟು, ಗಂಟು, ಗಂಟು. ಗೀಜಗ ಮೆಲ್ಲಗೆ ಕೆಮ್ಮಿತು. ಅದರ ಬದಲು ಬೈದಿದ್ದರೂ ವಾಸಿಯಿತ್ತು.

ಟುವ್ವಕ್ಕ ಜೇಡಜ್ಜಿಯ ಅಷ್ಟೂ ಕಣ್ಣಲ್ಲಿ ಒಂದನ್ನೂ ದಿಟ್ಟಿಸಲಾಗದೆ ಪೊದೆಯೊಳಗೆ ನುಗ್ಗಿದಳು. ಮೊಟ್ಟೆಯಿಡುವ ಹೊತ್ತು ಬೇರೆ! ಯಾವ ಮುಖ ಹೊತ್ತು ಎಲ್ಲರೆದುರು ಗೂಡು ಕಟ್ಟುವುದು? ಒಂದು ಎಲೆಯನ್ನು ಎಳೆದು, ಗಂಟಿನ ಮಗ್ಗುಲು ಒಳಗಾಗುವಂತೆ ಮಡಿಚಿ, ಅಂಚಿಗೆ ಅಂಚು ಹೊಲಿದು, ಹತ್ತಿ ತುಂಬಿ, ಒಳಗೆ ಅವಿತು ಮೊಟ್ಟೆಯಿಟ್ಟಳು.

ಒಂದು ದಿನ ಜೇಡಜ್ಜಿ ನೂಲು ಹಿಡಿದು ಇಳಿದಳು.

"ಒಳಗ ಬರಬ್ಯಾಡ, ಅಜ್ಜಿ. ಹಿಂದಿನ ಮಗ್ಗಲ ಕಾಣತೈತಿ."

"ಅದನ್ನ ನೋಡಾಕ ಬಂದೀನಿ." ಅಜ್ಜಿ ಒಂದೊಂದು ಗಂಟನ್ನೂ ಕಾಲಲ್ಲಿ ಸವರಿದಳು.

"ಎಲ್ಲಾ ಬಿಚ್ಚಿ ಮತ್ತ ಹೊಲೀಲೇನ?" ಟುವ್ವಕ್ಕನ ದನಿ ಸಣ್ಣಗಾಗಿತ್ತು.

"ಬ್ಯಾಡ ಮಗಳ. ನಿನ್ನ ಹತ್ತಿ ಈ ಗಂಟಿಗೇ ಸಿಕ್ಕೊಂಡು ನಿಂತೈತಿ. ಬಿಚ್ಚಿದ್ರ ಮೊಟ್ಟಿ ಜಾರತಾವ. ಇರಲಿ ಬಿಡು."

ಮೊಟ್ಟೆ ಉಳಿದವು. ಅವುಗಳ ಜೊತೆ ಗಂಟೂ ಉಳಿಯಿತು, ನಾಚಿಕೆಯೂ ಉಳಿಯಿತು.

ಅದಕ್ಕೇ ನೋಡಿ, ಇವತ್ತಿಗೂ ಹಿತ್ತಲಿನ ಎಲೆ ಮುಟ್ಟಿದರೆ ಮೇಲೆ ನುಣುಪು, ಕೆಳಗೆ ಬೆರಳಿಗೆ ಸಿಗುವ ಉಬ್ಬು ನರ. ಟುವ್ವಿ ಹಕ್ಕಿ ಗೂಡಿಗೆ ಎಲೆ ಮಡಿಚುವಾಗ ನುಣುಪು ಹೊರಗಿಟ್ಟು ಉಬ್ಬನ್ನು ಒಳಗೆ ಮುಚ್ಚುತ್ತಾಳೆ, ಗಾಳಿ ಬೀಸಿ ಎಲೆ ಮಗುಚಿದರೆ ಮಾತು ನಿಲ್ಲಿಸಿ ತಲೆ ತಗ್ಗಿಸುತ್ತಾಳೆ.