ಉಳ್ಳಾಗಡ್ಡಿ ಮಡಿಯಲ್ಲಿ ಪಡದಯ್ಯಜ್ಜನವರು

ನೀಲಗುಂಟಿಯ ಮಠಕ್ಕೆ ಮೊದಲ ಸಲ ಬಂದವರು ಪೂಜ್ಯ ಪಡದಯ್ಯಜ್ಜನವರನ್ನು ಗದ್ದುಗೆಯ ಮೇಲೆ ಹುಡುಕಿ ಮೋಸಹೋಗುತ್ತಿದ್ದರು. ಅಜ್ಜನವರು ಸಿಗುತ್ತಿದ್ದುದು ಹಿತ್ತಲಲ್ಲಿ, ಉಳ್ಳಾಗಡ್ಡಿಯ, ಎಂದರೆ ಈರುಳ್ಳಿಯ, ಮಡಿಯೊಳಗೆ, ಕಾವಿಯ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೊಣಕಾಲೂರಿದ ಭಂಗಿಯಲ್ಲಿ. ಮಠದ ಹಿತ್ತಲೆಂದರೆ ಬಿಲ್ವಪತ್ರೆ, ಕಣಗಿಲೆ ಎಂದುಕೊಂಡು ಬಂದವರ ಮೂಗಿಗೆ ಉಳ್ಳಾಗಡ್ಡಿಯ ಘಾಟು ಬಡಿದು, 'ಇವರೆಂಥಾ ಸ್ವಾಮಿಗಳಪ್ಪಾ!' ಎಂದು ಮುಖ ಸಿಂಡರಿಸಿದ್ದೂ ಉಂಟು. ಅನ್ನಲಿ ಬಿಡಿ. ದಾಸೋಹಕ್ಕೆ ಬಂದವನ ರೊಟ್ಟಿಗೆ ಪಲ್ಯ ಇರಲಿ ಇಲ್ಲದಿರಲಿ, ಒಂದು ಉಳ್ಳಾಗಡ್ಡಿಯಾದರೂ ಇರಬೇಕು, ಅದೂ ತಮ್ಮ ಕೈಯಿಂದ ಬೆಳೆದದ್ದಾಗಬೇಕು ಎಂಬುದು ಅಜ್ಜನವರ ಸಂಕಲ್ಪವಾಗಿತ್ತು.

ಈ ಬೆಳೆ ನೋಡಲು ಸಣ್ಣದು, ಮಾಡಲು ದೊಡ್ಡದು. ಅದರ ಎಲೆ ಕಡ್ಡಿಯ ಹಾಗೆ ನೆಟ್ಟಗೆ ನಿಲ್ಲುತ್ತದೆಯೇ ಹೊರತು ನೆಲಕ್ಕೆ ಒಂದಿಷ್ಟೂ ನೆರಳು ಮಾಡುವುದಿಲ್ಲ. ನೆರಳಿಲ್ಲದ ನೆಲದಲ್ಲಿ ಕಸ ಸೊಕ್ಕಿ ಬೆಳೆಯುತ್ತದೆ. ಬೇರು ಮೇಲುಮೇಲೆಯೇ ಇರುವುದರಿಂದ ಕಸ ತೆಗೆಯುವ ಕುರ್ಚಿಗಿ ಹಾಕಿ ಕೆದಕುವಂತೆಯೂ ಇಲ್ಲ. ಬೆರಳಿನಿಂದಲೇ ಕಿತ್ತು ತೆಗೆಯಬೇಕು. ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿಯಲ್ಲಿ ಮತ್ತೆ ಕಸ ತಲೆಯೆತ್ತಿರುತ್ತದೆ. ಸೊಂಟ ಬಿದ್ದುಹೋಗುವ ಕೆಲಸ. ಅಜ್ಜನವರಿಗೆ ಆಗಲೇ ಎಪ್ಪತ್ತು ದಾಟಿತ್ತು.

ಮೊನ್ನೆ ಮೊನ್ನೆ ಸಸಿ ನೆಟ್ಟಿದ್ದ ಮಡಿಯಲ್ಲಿ ಅವರು ಹೀಗೆ ಕಸ ತೆಗೆಯುತ್ತಿದ್ದ ಒಂದು ಮುಂಜಾನೆ, ನೇಕಾರ ರಾಚಪ್ಪ ತನ್ನ ಅಣ್ಣ ಪರಪ್ಪನನ್ನು ಕರೆದುಕೊಂಡು ಬಂದ. ಟವೆಲ್ಲಿನ ಒಂದು ತುದಿ ಅಣ್ಣನ ಮುಂಗೈಗೆ, ಇನ್ನೊಂದು ತುದಿ ತನ್ನ ಮುಂಗೈಗೆ ಕಟ್ಟಿಕೊಂಡಿದ್ದ. ಬಿಟ್ಟರೆ ಅಣ್ಣ ಎಲ್ಲಿಗೆ ಹೋದಾನೆಂದು ಹೇಳಲಾಗುತ್ತಿರಲಿಲ್ಲ.

ಪರಪ್ಪ ಹಿಂದೆ ಒಳ್ಳೆಯ ನೇಕಾರ. ತಮ್ಮನಿಗೆ ಮಗ್ಗದ ಕೆಲಸ ಕಲಿಸಿದವನೂ ಅವನೇ. ಒಂದು ವರ್ಷ ಬಂದ ಜ್ವರ ಮೈಯಿಂದ ಇಳಿಯಿತು, ತಲೆಯಿಂದ ಇಳಿಯಲಿಲ್ಲ. ಅಂದಿನಿಂದ ನೆಟ್ಟಗಿದ್ದದ್ದನ್ನು ಕಂಡರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಹಾಸಿದ ಹಾಸಿಗೆ ಎಳೆದ, ಬೇಲಿಯ ಗೂಟ ಕಿತ್ತ, ಮಗ್ಗದ ಮೇಲಿನ ನೂಲು ಹರಿದ. ರಾಚಪ್ಪ ಅವನ ಹಿಂದೆ ಹಿಂದೆ ಹಾಸಿದ, ನೆಟ್ಟ, ಗಂಟು ಹಾಕಿದ. ವರ್ಷಗಟ್ಟಲೆ ಇದೇ ಆಯಿತು. ಪರಪ್ಪನ ಹೆಂಡತಿ ತವರಿಗೆ ಹೋದವಳು ತಿರುಗಿ ಬರಲಿಲ್ಲ. ರಾಚಪ್ಪನ ಹೆಂಡತಿ ಮನೆಯಲ್ಲೇ ಇದ್ದಳು, ಆದರೆ ಮಾತು ಬಿಟ್ಟಿದ್ದಳು. ಊರವರು ಮಾತ್ರ ಮಾತು ಬಿಟ್ಟಿರಲಿಲ್ಲ. ಆ ದೇವರಿಗೆ ಹೋಗು, ಈ ತಾಯತ ಕಟ್ಟು ಎಂದು ಪುಕ್ಕಟೆ ಉಪದೇಶ ಕೊಡುತ್ತಲೇ ಇದ್ದರು. ಹೋಗಿ ಹೋಗಿ, ಕಟ್ಟಿ ಕಟ್ಟಿ, ರಾಚಪ್ಪನಿಗೆ ದೇವರ ಮೇಲೂ ಸ್ವಾಮಿಗಳ ಮೇಲೂ ನಂಬಿಕೆ ಹಾರಿಹೋಗಿತ್ತು.

ಹಾಗಿದ್ದ ಮೇಲೆ ಮಠಕ್ಕೆ ಏಕೆ ಬಂದ? ಅಣ್ಣನನ್ನು ಅಲ್ಲೇ ಬಿಟ್ಟು ಹೋಗಲು ಬಂದಿದ್ದ! ದಾಸೋಹದ ಮನೆ ಇದೆ, ಅನ್ನಕ್ಕೆ ಕಡಿಮೆಯಿಲ್ಲ, ಯಾರೋ ನೋಡಿಕೊಳ್ಳುತ್ತಾರೆ. ಯಾರ ಕಣ್ಣಿಗೂ ಬೀಳದಂತೆ ಸಂಜೆಯ ಬಸ್ಸಿಗೆ ಒಬ್ಬನೇ ಊರು ಸೇರುವುದು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದ. ಅವನು ಕೆಟ್ಟವನಲ್ಲ, ದಣಿದಿದ್ದ. ಎಷ್ಟು ದಣಿದಿದ್ದನೆಂದರೆ ತಾನು ಮಾಡಹೊರಟದ್ದಕ್ಕೆ ನಾಚಿಕೆಪಡುವಷ್ಟು ತ್ರಾಣವೂ ಅವನಲ್ಲಿ ಉಳಿದಿರಲಿಲ್ಲ.

ಮಡಿಯ ಬದುವಿನ ಮೇಲೆ ಅರೆಮನಸ್ಸಿನಿಂದ ಅಡ್ಡಬಿದ್ದು, "ಅಜ್ಜಾರ, ಇವ ನಮ್ಮಣ್ಣ. ತಲಿ ಸರಿ ಇಲ್ರಿ. ಒಂದೀಟು ನೋಡ್ರಿ" ಎಂದ.

ಅಜ್ಜನವರು ತಲೆಯೆತ್ತಿದರು. ಆದರೆ ಪರಪ್ಪನನ್ನು ನೋಡಲಿಲ್ಲ, ರಾಚಪ್ಪನನ್ನು ನೋಡಿದರು. "ನೀ ನಿದ್ದಿ ಮಾಡಿ ಎಷ್ಟು ದಿನಾ ಆತಪಾ?" ಎಂದು ಕೇಳಿದರು.

ರಾಚಪ್ಪನನ್ನು ಕಂಡಕಂಡವರೆಲ್ಲ ಅಣ್ಣ ಹೇಗಿದ್ದಾನೆಂದು ಕೇಳುತ್ತಿದ್ದರೇ ವಿನಾ ನೀನು ಹೇಗಿದ್ದೀ ಎಂದು ಈವರೆಗೆ ಒಂದು ನರಪಿಳ್ಳೆಯೂ ಕೇಳಿರಲಿಲ್ಲ. ಅವನು ಬಾಯಿ ತೆರೆಯುವ ಮೊದಲೇ ಅಜ್ಜನವರು ಎದ್ದು ಬಂದು, ಮಣ್ಣುಗೈಯಿಂದಲೇ ಟವೆಲ್ಲಿನ ಗಂಟು ಬಿಚ್ಚಿಬಿಟ್ಟರು.

ಬಿಚ್ಚಿದ್ದೇ ತಡ, ಪರಪ್ಪ ಮಡಿಗೆ ನುಗ್ಗಿದ. ಸಾಲಾಗಿ ನಿಂತ ಸಸಿಗಳನ್ನು ಕಂಡ ಮೇಲೆ ಕೇಳಬೇಕೆ? ಕಸ, ಬೆಳೆ ಎಂಬ ಭೇದವಿಲ್ಲದೆ ಪಟಪಟನೆ ಕಿತ್ತು ಎಸೆಯತೊಡಗಿದ.

"ಅಯ್ಯಯ್ಯೋ! ಏ ಅಣ್ಣಾ, ಬಿಡೋ! ಅಜ್ಜಾರ, ಬೆಳಿ ಎಲ್ಲಾ ಹಾಳ ಮಾಡ್ತಾನ್ರಿ!" ಎಂದು ರಾಚಪ್ಪ ಮುನ್ನುಗ್ಗಿದರೆ, ಅಜ್ಜನವರು ಅವನ ರಟ್ಟೆ ಹಿಡಿದು ನಿಲ್ಲಿಸಿದರು.

"ಕೀಳಲಿ ಬಿಡು. ಉಳ್ಳಾಗಡ್ಡಿ ಸಸಿ ಕಿತ್ತು ನಟ್ಟರೂ ಜೀವಾ ಹಿಡೀತೈತಿ. ನೀ ಹೋಗಿ ಆ ಬೇವಿನ ಗಿಡದ ನೆಳ್ಳಿಗೆ ಮಲಕೋ. ಅವನ ಹಿಂದ ನಾ ಇರ್ತೀನಿ."

ರಾಚಪ್ಪ ಬೇವಿನ ಮರದ ಕೆಳಗೆ ಹೋಗಿ ಕುಳಿತ, ಮಲಗಲಿಲ್ಲ. ಮರದ ಆಚೆಗೇ ಮಠದ ಹಿಂಬಾಗಿಲಿತ್ತು. ಅಜ್ಜನವರು ಅತ್ತ ತಿರುಗಲಿ, ಇತ್ತ ನಾನು ಹೊರಬೀಳುತ್ತೇನೆ ಎಂದು ಕಾದ. ಅಜ್ಜನವರು ಮೊಣಕಾಲ ಮೇಲೆ ಪರಪ್ಪನ ಹಿಂದೆ ಹೊರಟಿದ್ದರು. ಅವನು ಎಸೆದ ಸಸಿಯನ್ನು ಹೆಕ್ಕುವುದು, ಬೆರಳಿನಿಂದ ಮಣ್ಣಿನಲ್ಲಿ ಕುಣಿ ಮಾಡುವುದು, ಸಸಿ ಇಳಿಸಿ ಸುತ್ತ ಒತ್ತುವುದು. ಅವನು ತಿರುಗಿ ಬಂದು ಅದೇ ಸಸಿಯನ್ನು ಕಿತ್ತರೆ ಇವರು ಅದನ್ನೇ ಮತ್ತೆ ನೆಡುವುದು. ಬೈಗುಳವಿಲ್ಲ, ಬುದ್ಧಿಮಾತಿಲ್ಲ, ಮಂತ್ರವೂ ಇಲ್ಲ.

'ಸ್ವಾಮಿಗಳಿಗೇನು, ಒಂದು ದಿನದ ಮಾತು. ನನ್ನ ಹಾಂಗ ವರ್ಷಗಟ್ಲೆ ಮಾಡ್ಲಿ, ನೋಡೂಣು' ಎಂದು ರಾಚಪ್ಪ ಹಲ್ಲು ಕಡಿದ. ಒಂದು ಗಳಿಗೆ ಕಣ್ಣು ಮುಚ್ಚಿ ಏಳುವೆನೆಂದು ಮರಕ್ಕೆ ಒರಗಿದ. ಅಷ್ಟೇ ಅವನಿಗೆ ಗೊತ್ತು.

ಎಚ್ಚರವಾದಾಗ ಹೊತ್ತು ಪಡುವಣಕ್ಕೆ ವಾಲಿತ್ತು. ಸಂಜೆಯ ಬಸ್ಸು ಹಾರ್ನ್ ಬಾರಿಸುತ್ತ ಗುಡ್ಡ ದಾಟುತ್ತಿತ್ತು. ಅದರ ಕಡೆಗೆ ಅವನ ಲಕ್ಷ್ಯವೇ ಹೋಗಲಿಲ್ಲ. "ಅಣ್ಣಾ!" ಎಂದು ಕೂಗುತ್ತ ಎದ್ದು ಮಡಿಯ ಕಡೆಗೆ ಓಡಿದ.

ಪರಪ್ಪ ಇನ್ನೂ ಕೀಳುತ್ತಿದ್ದ. ಅಜ್ಜನವರು ಇನ್ನೂ ನೆಡುತ್ತಿದ್ದರು. ಅವರ ಬಾಯಿ ಒಣಗಿತ್ತು, ಮೊಣಕಾಲಿನ ಚರ್ಮ ಸುಲಿದು ಮಣ್ಣು ಮೆತ್ತಿತ್ತು. ಸಸಿ ಹಿಡಿದ ಕೈ ಸೋತು, ಕುಣಿ ಒಂದು ಕಡೆ, ಸಸಿ ಒಂದು ಕಡೆ ಆಗುತ್ತಿತ್ತು. ಮಹಾತ್ಮರ ಮುಖದಲ್ಲಿ ತೇಜಸ್ಸಿರುತ್ತದೆ ಎಂದು ಕೇಳಿದ್ದ ರಾಚಪ್ಪನಿಗೆ ಅಲ್ಲಿ ಕಂಡದ್ದು ಬರೀ ದಣಿವು. ಅದು ತನ್ನದೇ ದಣಿವು. ಇಡೀ ಲೋಕದಲ್ಲಿ ತನಗೊಬ್ಬನಿಗೇ ಗೊತ್ತೆಂದುಕೊಂಡಿದ್ದ ದಣಿವನ್ನು ಈ ಮುದುಕರು ಅವನಿಂದ ಕೇಳಿ ಇಸಿದುಕೊಂಡಂತೆ ಹೊತ್ತು ಕುಳಿತಿದ್ದರು. ಅವನ ಎದೆ ಒಡೆಯಿತು.

ಮಡಿಯೊಳಗೇ ಬಿದ್ದು ಅವರ ಪಾದ ಹಿಡಿದುಕೊಂಡ. "ತಪ್ಪಾತ್ರಿ ಅಜ್ಜಾರ! ಇವನ್ನ ಇಲ್ಲೇ ಬಿಟ್ಟು ಓಡಿಹೋಗಾಕ ಬಂದಿದ್ದೆನ್ರಿ."

"ಗೊತ್ತೈತಿ" ಎಂದರು ಅಜ್ಜನವರು.

"ಗೊತ್ತಿದ್ದೂ ನನ್ನ ಮಲಗಾಕ ಬಿಟ್ರಿ? ಹೊತ್ತು ಮುಳುಗೂತನಾ ನೀವು ಇವನ ಹಿಂದ... ನಿಮಗ ದಣಿವಾಗಲಿಲ್ಲೇನ್ರಿ?"

"ಆಗದ ಏನು? ಭಾಳ ದಣದೀನಿ." ಅಜ್ಜನವರು ತಮ್ಮನ್ನು ಎಬ್ಬಿಸಲೆಂದು ಕೈ ಚಾಚಿದರು. "ಈಗ ನಿನ್ನ ಪಾಳಿ."

ರಾಚಪ್ಪ ಅವರನ್ನು ಎಬ್ಬಿಸಿ, ಹೆಗಲು ಕೊಟ್ಟು ನಡೆಸಿ, ಬೇವಿನ ಬುಡದಲ್ಲಿ ಕೂರಿಸಿ, ನೀರು ಕುಡಿಸಿದ. ತಿರುಗಿ ಬಂದು ಅಣ್ಣನ ಹಿಂದೆ ಮೊಣಕಾಲೂರಿ, ಬಿದ್ದಿದ್ದ ಸಸಿಯೊಂದನ್ನು ಕೈಗೆತ್ತಿಕೊಂಡ.

ಪರಪ್ಪನ ತಲೆ ಕೊನೆಗೂ ಸರಿಹೋಗಲಿಲ್ಲ. ಪವಾಡ ಕೇಳಲು ಕಿವಿ ನಿಮಿರಿಸಿ ಕುಳಿತವರಿಗೆ ನಿರಾಸೆಯಾದರೆ ನಾವೇನು ಮಾಡೋಣ, ನಡೆದದ್ದನ್ನೇ ಹೇಳಬೇಕಲ್ಲ. ಮರುದಿನ ಅಣ್ಣತಮ್ಮಂದಿರು ಜೊತೆಗೇ ಊರಿಗೆ ಮರಳಿದರು. ಹೊಸ್ತಿಲು ದಾಟಿದವನೇ ರಾಚಪ್ಪ ಹೆಂಡತಿಯ ಮುಖ ನೋಡಿ, "ನೀ ಹೋಗಿ ಮಲಕೋ, ಒಲಿ ನಾ ನೋಡ್ಕೋತೀನಿ" ಎಂದನಂತೆ. ಆಕೆ ಸೆರಗು ಬಾಯಿಗೊತ್ತಿಕೊಂಡು ಅತ್ತಳಂತೆ. ಅಂದಿನಿಂದ ಅಜ್ಜನವರು ಲಿಂಗೈಕ್ಯರಾಗುವವರೆಗೂ ಪ್ರತಿ ಸೋಮವಾರ ಅವನು ಅಣ್ಣನನ್ನು ಮಠಕ್ಕೆ ಕರೆತರುವುದೂ, ಸಂಜೆಗೆ ತಪ್ಪದೆ ಜೊತೆಯಲ್ಲೇ ಕರೆದೊಯ್ಯುವುದೂ ನಡೆಯಿತು.

ಇಳಿವಯಸ್ಸಿನಲ್ಲಿ ಯಾರೋ ಅವನನ್ನು ಕೆಣಕಿದರು: "ಏನೋ ರಾಚಪ್ಪಾ, ಅಷ್ಟು ವರ್ಷ ಎಡತಾಕಿದಿ. ನಿಮ್ಮಣ್ಣ ಇದ್ದಾಂಗ ಇದ್ದ. ನಿಮ್ಮ ಅಜ್ಜಾರು ಮಾಡಿದ್ದರ ಏನು?"

ರಾಚಪ್ಪ ಎರಡೂ ಕೈ ಜೋಡಿಸಿದ. "ನನ್ನ ಮಲಗಿಸಿದ್ರು. ತಾವು ದಣದ್ರು" ಎಂದ.